ಡಿಶ್‌ವಾಶರ್ ನಿಂತ್ರೆ ಫೋನ್ ಎಂತ ಹೇಳ್ತದೆ, ಎಂತ ಹೇಳುದಿಲ್ಲ

ನಮ್ಮ ದೊಡ್ಡಮ್ಮನದ್ದು ಉಡುಪಿಯಲ್ಲಿ ಒಂದೇ ಅಂತಸ್ತಿನ ಟೆರೇಸ್ ಮನೆ. ದುಬೈಯಲ್ಲಿರುವ ಮಗ ಹೋದ ವರ್ಷ ಊರಿಗೆ ಬಂದಾಗ ಅಮ್ಮನಿಗೆ ಕಷ್ಟ ಆಗುದು ಬೇಡ ಅಂತ ವೈಫೈ ಇರುವ ಡಿಶ್‌ವಾಶರ್ ತೆಗೆದುಕೊಟ್ಟ, ಆ್ಯಪ್ ತನ್ನ ಫೋನಿಗೇ ಹಾಕಿಕೊಂಡು ವಾಪಸ್ ಹೋದ. ಒಂದು ರಾತ್ರಿ ಹತ್ತು ಗಂಟೆಗೆ ಅಲ್ಲಿಂದ ಫೋನ್, "ಅಮ್ಮ, ಮೆಷಿನ್‌ಗೆ ನೀರು ಬರ್ತಾ ಇಲ್ಲ ಅಂತ ತೋರಿಸ್ತದೆ, ನಳ್ಳಿ ನೋಡು." ದೊಡ್ಡಮ್ಮ ಎದ್ದು ಸಿಂಕಿನ ನಳ್ಳಿ ಬಿಟ್ಟು ನೋಡಿದ್ರೆ ನೀರು ಬರ್ತಾ ಉಂಟು. ಟೆಕ್ನಿಷಿಯನ್ ಬಂದು ನೀರು ಒಳಗೆ ಬಿಡುವ ವಾಲ್ವ್ ಬದಲಿಸಿ ಹೋದ್ರು, ನಾಲ್ಕು ದಿನ ಬಿಟ್ಟು ಪುನಃ ಅದೇ ಮೆಸೇಜು, ಅದೇ ರಾತ್ರಿ ಹೊತ್ತಿಗೆ.

ನಾನು ಒಂದು ಸಂಜೆ ಇಡೀ ಅದರ ಎದುರು ಕೂತು, ಮ್ಯಾನ್ಯುವಲ್ ಬಿಡಿಸಿ, ಆ್ಯಪ್ ಹೇಳ್ತಾ ಇರುದು ಎಂತ ಅಂತ ಅರ್ಥ ಮಾಡ್ಕೊಳ್ಳಲಿಕ್ಕೆ ನೋಡಿದೆ. ಈಗ ನಮ್ಮ ಕಡೆ ಇಂಥ ಮನೆಗಳು ಬೇಕಾದಷ್ಟು ಉಂಟು, ಮಕ್ಕಳು ಗಲ್ಫಲ್ಲೋ ಬೆಂಗಳೂರಲ್ಲೋ, ಮೆಷಿನ್ ಇಲ್ಲಿ, ಆ್ಯಪ್ ಅವರ ಫೋನಲ್ಲಿ. ಮೆಷಿನ್ ನಿಂತ್ರೆ ಇಬ್ಬರಿಗೂ ತಲೆಬಿಸಿ. ಅದಕ್ಕೆ ಬುಡದಿಂದ ಬರಿತಾ ಇದ್ದೇನೆ.

ಫೋನಿಗೆ ಮೆಷಿನ್ ಸುದ್ದಿ ಮುಟ್ಟುದು ಹೇಗೆ

ಫೋನು ಮತ್ತೆ ಡಿಶ್‌ವಾಶರ್ ನೇರ ಮಾತಾಡ್ತವೆ ಅಂತ ಸುಮಾರು ಜನ ತಿಳ್ಕೊಂಡಿದ್ದಾರೆ, ಹಾಗಲ್ಲ. ಮೊದಲ ಸಲ ಕನೆಕ್ಟ್ ಮಾಡುವಾಗ ಮಾತ್ರ ಮೆಷಿನ್ ತನ್ನದೇ ಒಂದು ಸಣ್ಣ ವೈಫೈ ಹೊರಗೆ ಬಿಡ್ತದೆ, ಫೋನು ಅದಕ್ಕೆ ಸೇರಿ ಮನೆಯ ವೈಫೈ ಹೆಸರು ಮತ್ತೆ ಪಾಸ್‌ವರ್ಡ್ ಕೊಡ್ತದೆ, ಆಮೇಲೆ ಮೆಷಿನ್ ತಾನಾಗಿ ಮನೆಯ ರೂಟರಿಗೆ ಸೇರ್ತದೆ. ಅಲ್ಲಿಂದ ಮುಂದೆ ಮೆಷಿನ್ ಹೇಳುದೆಲ್ಲ ರೂಟರ್ ಮೂಲಕ ಕಂಪನಿಯ ಸರ್ವರಿಗೆ ಹೋಗ್ತದೆ, ಸರ್ವರಿಂದ ಆ್ಯಪಿಗೆ ಬರ್ತದೆ. ಹಾಗಾಗಿಯೇ ಉಡುಪಿಯ ಅಡುಗೆಮನೆಯ ಸುದ್ದಿ ದೊಡ್ಡಮ್ಮನಿಗಿಂತ ಮೊದಲು ದುಬೈಗೆ ಗೊತ್ತಾದದ್ದು. ಎಲ್‌ಜಿಯ ಥಿಂಕ್ಯೂ, ಬಾಷ್ ಮತ್ತೆ ಸೀಮೆನ್ಸಿನ ಹೋಮ್ ಕನೆಕ್ಟ್, ಸ್ಯಾಮ್‌ಸಂಗಿನ ಸ್ಮಾರ್ಟ್‌ಥಿಂಗ್ಸ್, ಎಲ್ಲದರ ದಾರಿಯೂ ಹೆಚ್ಚುಕಮ್ಮಿ ಇದೇ.

ಇದರಲ್ಲಿ ಗೊತ್ತಿರಬೇಕಾದ ಒಂದು ಸಂಗತಿ ಉಂಟು. ಆ್ಯಪಲ್ಲಿ ಆಫ್‌ಲೈನ್ ಅಂತ ಬಂದ್ರೆ ಮೆಷಿನ್ ಹಾಳಾಗಿದೆ ಅಂತ ಅರ್ಥ ಅಲ್ಲ, ದಾರಿ ಮಧ್ಯೆ ಎಲ್ಲೋ ಕಟ್ಟಾಗಿದೆ ಅಂತ ಅಷ್ಟೇ. ಇಂಟರ್ನೆಟ್ ಇಲ್ಲದಿದ್ರೂ ಮೆಷಿನ್ ಪಾತ್ರೆ ತೊಳೀತದೆ. ಮಳೆಗಾಲದಲ್ಲಿ ಮರ ಬಿದ್ದು ಕೇಬಲ್ ತುಂಡಾಗಿ ನೆಟ್ ಹೋದ ದಿನ ಅಮ್ಮನಿಗೆ ಫೋನ್ ಮಾಡಿ ಗಾಬರಿ ಪಡಿಸುವ ಅಗತ್ಯ ಇಲ್ಲ.

ಇನ್ನೊಂದು, ವೈಫೈಯಲ್ಲಿ 2.4 ಗಿಗಾಹರ್ಟ್ಸ್ ಮತ್ತೆ 5 ಗಿಗಾಹರ್ಟ್ಸ್ ಅಂತ ಎರಡು ಬಗೆ ಉಂಟಲ್ಲ, ಮನೆಯ ಮೆಷಿನುಗಳು ಹೆಚ್ಚಿನವು 2.4ಕ್ಕೆ ಮಾತ್ರ ಸೇರ್ತವೆ. 5 ವೇಗ ಜಾಸ್ತಿ, ಆದ್ರೆ ಗೋಡೆ ದಾಟ್ಲಿಕ್ಕೆ ಅದಕ್ಕೆ ಕಷ್ಟ. ನಮ್ಮ ಕೆಂಪುಕಲ್ಲಿನ ದಪ್ಪ ಗೋಡೆ, ರೂಟರ್ ಹಾಲಲ್ಲಿ, ಡಿಶ್‌ವಾಶರ್ ಹಿಂದಿನ ವರ್ಕ್ ಏರಿಯಾದಲ್ಲಿ ಇದ್ರೆ 2.4 ಕೂಡ ಅಲ್ಲಿಗೆ ಮುಟ್ಟುವಾಗ ಬಡಕಲಾಗಿರ್ತದೆ. ಕನೆಕ್ಟ್ ಆಗದಿದ್ರೆ ಮೊದಲು ಇದನ್ನೇ ನೋಡಿ, ಆಮೇಲೆ ಫೋನಲ್ಲಿ ಆ್ಯಪಿಗೆ ಲೊಕೇಶನ್ ಪರ್ಮಿಶನ್ ಕೊಟ್ಟಿದ್ದೀರಾ ನೋಡಿ, ಯಾಕಂದ್ರೆ ಆಂಡ್ರಾಯ್ಡ್ ಫೋನಲ್ಲಿ ಅದಿಲ್ಲದೆ ಸುತ್ತಮುತ್ತಲಿನ ವೈಫೈ ಹುಡುಕ್ಲಿಕ್ಕೆ ಆ್ಯಪಿಗೆ ಆಗುದಿಲ್ಲ. ರೂಟರ್ ಬದಲಿಸಿದ್ರೆ ಅಥವಾ ಪಾಸ್‌ವರ್ಡ್ ಬದಲಿಸಿದ್ರೆ ಪುನಃ ಮೊದಲಿಂದ ಸೇರಿಸ್ಬೇಕು.

ಆ್ಯಪ್ ನೋಡುದಿಲ್ಲ, ಸೆನ್ಸರ್ ಹೇಳಿದ್ದನ್ನು ದಾಟಿಸ್ತದೆ

ಬಾವಿಯ ಪಂಪು ಹಾಕಿ ಟ್ಯಾಂಕಿನ ಹತ್ರ ನಿಂತವನಿಗೆ ನೀರು ಬೀಳ್ತಾ ಇಲ್ಲ ಅಂತ ಗೊತ್ತಾಗ್ತದೆ. ಫುಟ್‌ವಾಲ್ವ್ ಹೋಯ್ತಾ, ಬಾವಿ ಬತ್ತಿತಾ, ಪೈಪು ಒಡೆಯಿತಾ, ಅದು ಅವನಿಗೆ ಅಲ್ಲಿ ನಿಂತು ಕಾಣುದಿಲ್ಲ. ಡಿಶ್‌ವಾಶರ್‌ನ ಸೆನ್ಸರ್ ಕೂಡ ಟ್ಯಾಂಕಿನ ಹತ್ರ ನಿಂತವನ ಹಾಗೆಯೇ, ತನ್ನ ಜಾಗದಲ್ಲಿ ಎಂತ ಆಯ್ತು ಅಂತ ಮಾತ್ರ ಹೇಳ್ತದೆ. ಆ್ಯಪ್ ಆ ಮಾತನ್ನು ನಮಗೆ ಅರ್ಥ ಆಗುವ ಭಾಷೆಯಲ್ಲಿ ದಾಟಿಸ್ತದೆ, ಎರಡು ಮೂರು ಸಲಹೆ ಕೂಡ ಕೊಡ್ತದೆ. ಕಾರಣ ಹುಡುಕುದು ಮಾತ್ರ ಅಲ್ಲಿರುವವರ ಕೆಲಸ. ದೊಡ್ಡಮ್ಮನ ಮನೆಯಲ್ಲಿ ತಪ್ಪಿದ್ದು ಇಲ್ಲೇ, ನೀರು ಬರ್ತಾ ಇಲ್ಲ ಅನ್ನುದನ್ನು ವಾಲ್ವ್ ಹಾಳಾಗಿದೆ ಅಂತ ಓದಿದ್ರು.

ಒಳಗೆ ಇರುವ ಸೆನ್ಸರುಗಳು ಕೆಲವೇ. ನೀರು ಬರುವ ದಾರಿಯಲ್ಲಿ ಒಂದು ಪುಟ್ಟ ಚಕ್ರ ಇರ್ತದೆ, ನೀರು ಹರಿದ್ರೆ ಅದು ತಿರುಗ್ತದೆ, ಎಷ್ಟು ಸುತ್ತು ತಿರುಗಿತು ಅಂತ ಎಣಿಸಿ ಮೆಷಿನ್ ಎಷ್ಟು ನೀರು ಬಂತು ಅಂತ ಲೆಕ್ಕ ಹಾಕ್ತದೆ. ಬಿಸಿ ಅಳೆಯಲಿಕ್ಕೆ ಒಂದು ಸೆನ್ಸರ್, ಬಾಗಿಲು ಸರಿ ಮುಚ್ಚಿದೆಯಾ ನೋಡ್ಲಿಕ್ಕೆ ಒಂದು ಸ್ವಿಚ್. ಮೆಷಿನ್ನಿನ ಅಡಿಯಲ್ಲಿ ಒಂದು ತಟ್ಟೆ, ಅದರಲ್ಲಿ ನೀರು ಸೇರಿದ್ರೆ ಮೇಲೆ ತೇಲುವ ಒಂದು ತುಂಡು, ಟ್ಯಾಂಕಿನ ಫ್ಲೋಟಿನ ಹಾಗೆ. ಮತ್ತೆ ಕೆಲವು ಮಾಡೆಲಲ್ಲಿ ನೀರಿನ ಕೊಳೆ ನೋಡುವ ಸೆನ್ಸರ್, ಒಂದು ಬದಿಯಿಂದ ಬೆಳಕು ಬಿಡ್ತದೆ, ಇನ್ನೊಂದು ಬದಿಗೆ ಎಷ್ಟು ಬೆಳಕು ಮುಟ್ಟಿತು ನೋಡ್ತದೆ, ಗಂಜಿ ತಿಳಿಯ ಹಾಗೆ ನೀರು ಕದಡಿದ್ರೆ ಇನ್ನೂ ಸ್ವಲ್ಪ ತೊಳೀಬೇಕು ಅಂತ ತೀರ್ಮಾನ ಮಾಡ್ತದೆ.

ಇವುಗಳಲ್ಲಿ ಯಾವುದೋ ಒಂದು, ಹೇಳಿದ ಸಮಯದೊಳಗೆ ಬೇಕಾದ ಉತ್ತರ ಕೊಡದಿದ್ರೆ ಮೆಷಿನ್ ನಿಂತು ಎರರ್ ಕೋಡ್ ತೋರಿಸ್ತದೆ. ಕೋಡ್ ಒಂದೊಂದು ಕಂಪನಿಗೆ ಒಂದೊಂದು. ಎಲ್‌ಜಿಯಲ್ಲಿ ಐಇ ಅಂದ್ರೆ ನೀರು ಒಳಗೆ ಬರುವ ತೊಂದ್ರೆ, ಓಇ ಅಂದ್ರೆ ಹೊರಗೆ ಹೋಗುವ ತೊಂದ್ರೆ. ಸ್ಯಾಮ್‌ಸಂಗಲ್ಲಿ ಅದಕ್ಕೇ 4ಸಿ ಮತ್ತೆ 5ಸಿ. ಬಾಷಲ್ಲಿ ಇ24 ಅಂದ್ರೆ ಕೊಳೆನೀರು ಹೋಗ್ತಾ ಇಲ್ಲ, ಇ15 ಅಂದ್ರೆ ಅಡಿಯ ತಟ್ಟೆಯಲ್ಲಿ ನೀರು. ಬೇರೆ ಕಂಪನಿಯ ಕೋಡ್ ನೋಡಿ ನಿಮ್ಮ ಮೆಷಿನ್ನಿಗೆ ಅರ್ಥ ಹಚ್ಚಬೇಡಿ.

ನೀರು ಬರ್ತಾ ಇಲ್ಲ ಅಂದ್ರೆ

ಇದನ್ನು ಸ್ವಲ್ಪ ಉದ್ದ ಬರಿತೇನೆ, ನಮ್ಮ ಕಡೆಯ ಮನೆಗಳಿಗೆ ಇದೇ ಮುಖ್ಯ ಅಂತ ನನಗೆ ಕಾಣುದು.

ಮೆಷಿನ್ ವಾಲ್ವ್ ತೆರೆದು ಕಾಯ್ತದೆ. ಕೆಲವು ನಿಮಿಷದೊಳಗೆ ಆ ಪುಟ್ಟ ಚಕ್ರ ಬೇಕಾದಷ್ಟು ಸುತ್ತು ತಿರುಗದಿದ್ರೆ ನೀರು ಇಲ್ಲ ಅಂತ ಹೇಳ್ತದೆ. ನೀರು ಒಂಚೂರೂ ಬಾರದೆ ಇರುದು ಮತ್ತೆ ಮೆಲ್ಲಗೆ ಬರುದು, ಎರಡೂ ಮೆಷಿನ್ನಿಗೆ ಒಂದೇ. ದೊಡ್ಡಮ್ಮನ ಮನೆ ಕಥೆ ಇರುದು ಇಲ್ಲಿ.

ನೀರಿನ ಒತ್ತಡ ಬಾರ್ ಅನ್ನುವ ಲೆಕ್ಕದಲ್ಲಿ ಅಳೀತಾರೆ. 10 ಮೀಟರ್ ಎತ್ತರದಿಂದ ಇಳಿಯುವ ನೀರಿಗೆ ಹೆಚ್ಚುಕಮ್ಮಿ 1 ಬಾರ್ ಒತ್ತಡ, ಅಂದ್ರೆ ಒಂದು ಮೀಟರಿಗೆ 0.1 ಬಾರ್. ತುಂಬ ಡಿಶ್‌ವಾಶರುಗಳ ಮ್ಯಾನ್ಯುವಲಲ್ಲಿ ಕಡಿಮೆ ಅಂದ್ರೆ 0.5 ಬಾರ್ ಬೇಕು ಅಂತ ಉಂಟು, ಅದಕ್ಕೆ ನೀರು 5 ಮೀಟರ್ ಎತ್ತರದಲ್ಲಿ ಇರಬೇಕಾಯ್ತು. ಒಂದಂತಸ್ತಿನ ಮನೆಯ ಟೆರೇಸಿನ ಮೇಲೆ ಟ್ಯಾಂಕ್ ಇಟ್ರೆ ಕೆಳಗಿನ ಮೆಷಿನ್ನಿಗೂ ಟ್ಯಾಂಕಿನ ನೀರಿನ ಮಟ್ಟಕ್ಕೂ ಇರುವ ಅಂತರ ಮೂರೂವರೆ ನಾಲ್ಕು ಮೀಟರ್, 0.4 ಬಾರ್ ಸಿಕ್ಕಿದ್ರೆ ದೊಡ್ಡದು. ಸಿಂಕಿಗೆ ಅದು ಧಾರಾಳ, ಕೈಯಲ್ಲಿ ಪಾತ್ರೆ ತೊಳೆಯುವವರಿಗೆ ಕೊರತೆ ಗೊತ್ತೇ ಆಗುದಿಲ್ಲ. ಬೆಳಿಗ್ಗೆ ಟ್ಯಾಂಕ್ ತುಂಬಿರುವಾಗ ಮೆಷಿನ್ ಹೇಗೋ ಸುಧಾರಿಸ್ತಾ ಇತ್ತು, ರಾತ್ರಿ ಟ್ಯಾಂಕಿನ ನೀರು ಇಳಿದಿರ್ತದೆ, ಅದೇ ಹೊತ್ತಿಗೆ ಬಚ್ಚಲಲ್ಲಿ ಯಾರೋ ಸ್ನಾನಕ್ಕೆ ನೀರು ಬಿಟ್ಟಿರ್ತಾರೆ, ಆಗ ಮೆಷಿನ್ನಿಗೆ ಸಾಲುದಿಲ್ಲ. ಆ್ಯಪಿನ ಹಳೇ ಮೆಸೇಜುಗಳ ಸಮಯ ಒಂದೊಂದೇ ನೋಡಿದಾಗ ಎಲ್ಲವೂ ರಾತ್ರಿ ಒಂಬತ್ತರ ನಂತರದ್ದು, ಅದೇ ನಮಗೆ ದಾರಿ ತೋರಿಸಿದ್ದು. ಟ್ಯಾಂಕಿಂದ ಬರುವ ಲೈನಿಗೆ ಒಂದು ಸಣ್ಣ ಪ್ರೆಶರ್ ಪಂಪ್ ಹಾಕಿಸಿದ ಮೇಲೆ ಆ ಮೆಸೇಜು ಬರಲಿಲ್ಲ. ಮೊದಲಿನ ವಾಲ್ವಿನಲ್ಲಿ ಎಂತ ದೋಷವೂ ಇರಲಿಲ್ಲ ಅಂತ ಈಗ ಅನಿಸ್ತದೆ.

ಮಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಇದೇ ತೊಂದ್ರೆ ಟಾಪ್ ಫ್ಲೋರಿನವರಿಗೆ ಬರ್ತದೆ, ಟ್ಯಾಂಕ್ ಅವರ ತಲೆ ಮೇಲೇ ಇರುದರಿಂದ ಎತ್ತರ ಸಿಕ್ಕುದಿಲ್ಲ. ಎರಡನೇ ಫ್ಲೋರಿನ ಮನೆಯಲ್ಲಿ ಅದೇ ಮೆಷಿನ್ ಸರಿ ಓಡ್ತದೆ ಅಂದ್ರೆ ಆಶ್ಚರ್ಯ ಪಡಬೇಡಿ.

ಅಳೆದು ನೋಡ್ಲಿಕ್ಕೆ ಸುಲಭದ ದಾರಿ ಬಕೆಟು. ಮೆಷಿನ್ನಿಗೆ ಕೊಟ್ಟ ನಳ್ಳಿ ಬಂದ್ ಮಾಡಿ, ಪೈಪು ಬಿಚ್ಚಿ, ನಳ್ಳಿಯ ಕೆಳಗೆ ಬಕೆಟ್ ಇಟ್ಟು ಪೂರ್ತಿ ತೆರೆದು ಒಂದು ನಿಮಿಷ ಫೋನಲ್ಲಿ ಟೈಮ್ ನೋಡಿ. ಕೆಲವು ಮ್ಯಾನ್ಯುವಲಲ್ಲಿ ನಿಮಿಷಕ್ಕೆ 10 ಲೀಟರ್ ಬೇಕು ಅಂತ ಉಂಟು. ನಿಮ್ಮ ಮಾಡೆಲಿಗೆ ಎಷ್ಟು ಅಂತ ಅದರ ಮ್ಯಾನ್ಯುವಲಲ್ಲೇ ನೋಡಿ, ಆ್ಯಪಲ್ಲೂ ಮ್ಯಾನ್ಯುವಲ್ ಸಿಗ್ತದೆ.

ಪೈಪು ಬಿಚ್ಚಿದಾಗ ಅದರ ಬಾಯಿಯಲ್ಲಿ ಒಂದು ಸಣ್ಣ ಜಾಲರಿ ಕಾಣ್ತದೆ, ಅದನ್ನು ಹೊರಗೆ ತೆಗೆದು ಹಳೇ ಟೂತ್‌ಬ್ರಶಲ್ಲಿ ತಿಕ್ಕಿ. ಬಾವಿನೀರಿನ ಮನೆಯಲ್ಲಿ ಮೊದಲ ಮಳೆ ಆದ ಮೇಲೆ ಕೆಂಪು ಮಣ್ಣು ಬಂದು ಅಲ್ಲಿ ಕೂತಿರ್ತದೆ. ಮಂಗಳೂರಿಗೆ ತುಂಬೆ ಅಣೆಕಟ್ಟಿಂದ ನೇತ್ರಾವತಿ ನೀರು ಬರುದು, ಉಡುಪಿಗೆ ಬಜೆಯಿಂದ ಸ್ವರ್ಣಾ ನದಿ ನೀರು, ಏಪ್ರಿಲ್ ಮೇಯಲ್ಲಿ ನದಿ ಇಳಿದು ದಿನ ಬಿಟ್ಟು ದಿನ ನೀರು ಬಿಡುವ ಪರಿಸ್ಥಿತಿ ಬಂದಾಗ ಖಾಲಿ ಪೈಪಿಗೆ ಪುನಃ ನೀರು ನುಗ್ಗುವಾಗ ತಳದ ಕೆಸರು ಎಬ್ಬಿಸಿಕೊಂಡು ಬರ್ತದೆ, ಅದೂ ಇದೇ ಜಾಲರಿಗೆ. ಒಂದು ಜಾಗ್ರತೆ ಬೇಕು. ಕೆಲವು ಮೆಷಿನ್ನಿನ ಪೈಪಿನ ತುದಿಯಲ್ಲಿ ಒಂದು ದಪ್ಪ ಪ್ಲಾಸ್ಟಿಕ್ ಡಬ್ಬಿ ಇರ್ತದೆ, ಅದರೊಳಗೆ ಕರೆಂಟಿನ ವಾಲ್ವ್ ಉಂಟು. ಆ ಡಬ್ಬಿಯನ್ನು ನೀರಿಗೆ ಅದ್ದಬಾರದು, ಪೈಪನ್ನು ಕತ್ತರಿಸಬಾರದು.

ನೀರು ಹೋಗ್ತಾ ಇಲ್ಲ ಅಂದ್ರೆ

ಡಿಶ್‌ವಾಶರ್ ಒಂದು ಪೂರ್ತಿ ತೊಳೆತಕ್ಕೆ ಸುಮಾರು 10 ಲೀಟರ್ ನೀರಲ್ಲೇ ಸುಧಾರಿಸ್ತದೆ. ಹೇಗೆ ಅಂದ್ರೆ ಕೆಳಗಿನ ಗುಂಡಿಯಲ್ಲಿ ಸೇರಿದ ನೀರನ್ನೇ ಫಿಲ್ಟರ್ ಮಾಡಿ ಪುನಃ ಪುನಃ ಮೇಲೆ ಚಿಮ್ಮಿಸ್ತದೆ. ಹಾಗಾಗಿ ಪಾತ್ರೆಯಲ್ಲಿ ಉಳಿದದ್ದೆಲ್ಲ ಬಂದು ನಿಲ್ಲುದು ಆ ಫಿಲ್ಟರಲ್ಲಿ. ನಮ್ಮ ಅಡಿಗೆಯನ್ನು ಒಮ್ಮೆ ಯೋಚನೆ ಮಾಡಿ, ಗಸಿಯ ತೆಂಗಿನ ತುರಿ, ಒಗ್ಗರಣೆಯ ಸಾಸಿವೆ ಮತ್ತೆ ಕರಿಬೇವಿನ ಎಲೆ, ಬಂಗುಡೆ ಪುಳಿಮುಂಚಿಯ ಮುಳ್ಳು, ಗಂಜಿಯ ಕುಚ್ಚಲಕ್ಕಿ ಅಗಳು. ತುರಿ ನೆನೆದು ಹತ್ತಿಯ ಹಾಗೆ ಮುದ್ದೆ ಆಗ್ತದೆ. ಎರಡು ದಿನಕ್ಕೊಮ್ಮೆ ಫಿಲ್ಟರ್ ತೆಗೆದು ನಳ್ಳಿ ಕೆಳಗೆ ತೊಳೆಯುವ ಮನೆಯಲ್ಲಿ ಈ ಕೋಡ್ ಅಪರೂಪ.

ಫಿಲ್ಟರ್ ಸರಿ ಕೂರಿಸದೆ ಓಡಿಸಿದ್ರೆ ಒಂದು ಮುಳ್ಳು ಕೆಳಗೆ ಇಳಿದು ನೀರು ಹೊರಹಾಕುವ ಪಂಪಿನ ರೆಕ್ಕೆಗೆ ಸಿಕ್ಕಿ ಅದನ್ನು ನಿಲ್ಲಿಸಿಬಿಡ್ತದೆ. ಬಾಷಲ್ಲಿ ಅದಕ್ಕೆ ಇ25 ಅಂತ ಬೇರೆಯೇ ಕೋಡ್ ಉಂಟು. ಪ್ಲಗ್ ತೆಗೆದು, ನೀರನ್ನು ಬಟ್ಟೆಯಲ್ಲಿ ಹೀರಿ, ಪಂಪಿನ ಮುಚ್ಚಳ ತೆಗೆದು ನೋಡುದು ಮನೆಯಲ್ಲೇ ಆಗುವ ಕೆಲಸ, ಗಾಜಿನ ಚೂರು ಇರಬಹುದು, ಬರಿಗೈ ಹಾಕಬೇಡಿ.

ಮೆಷಿನ್ ಒಳಗೆ ಎಲ್ಲ ಸರಿ ಉಂಟು, ಆದ್ರೂ ಕೋಡ್ ಬರ್ತದೆ ಅಂದ್ರೆ ಸಿಂಕಿನ ಪೈಪ್ ನೋಡಿ. ಸಿಂಕಿಗೆ ಒಂದು ಪಾತ್ರೆ ನೀರು ಒಮ್ಮೆಲೇ ಸುರಿಯಿರಿ, ನಿಂತು ನಿಂತು ಇಳಿದ್ರೆ ತಪ್ಪು ಮೆಷಿನ್ನದ್ದಲ್ಲ. ಡಿಸೆಂಬರ್ ಬೆಳಿಗ್ಗೆ ಬಾಟಲಿಯ ತೆಂಗಿನೆಣ್ಣೆ ಗಟ್ಟಿ ಆಗುದು ನೋಡಿದ್ದೀರಲ್ಲ, ಬಿಸಿನೀರಲ್ಲಿ ಕರಗಿ ಹೋದ ಎಣ್ಣೆ ತುಪ್ಪ ಪೈಪಿನ ತಂಪಿಗೆ ಹಾಗೆಯೇ ಗೋಡೆಗೆ ಹಿಡೀತದೆ, ಅದರ ಮೇಲೆ ಗಂಜಿ, ಅದರ ಮೇಲೆ ತುರಿ.

ಲೀಕ್ ಅಂತ ಬಂದ್ರೆ

ಇದು ಬಂದ ಕೂಡ್ಲೇ ನಳ್ಳಿ ಬಂದ್ ಮಾಡಿ, ಪ್ಲಗ್ ತೆಗೀರಿ. ಅಡಿಯ ತಟ್ಟೆಯಲ್ಲಿ ನೀರು ಸೇರಿ ಫ್ಲೋಟ್ ಎದ್ದಿದೆ ಅಂತ ಅರ್ಥ. ಮೆಷಿನ್ ನೀರು ಬರುದನ್ನು ನಿಲ್ಲಿಸಿ ಪಂಪನ್ನು ಓಡಿಸ್ತಾನೇ ಇರ್ತದೆ, ಆಫ್ ಮಾಡಿದ್ರೂ ಸದ್ದು ನಿಲ್ಲುದಿಲ್ಲ ಅಂತ ಜನ ಹೆದರುದು ಇದಕ್ಕೇ.

ಪೈಪ್ ಒಡೆದಿರಬಹುದು, ಬಾಗಿಲಿನ ರಬ್ಬರ್ ಹೋಗಿರಬಹುದು. ಆದ್ರೆ ಒಮ್ಮೆ ಕೇಳಿ ನೋಡಿ, ಡಿಶ್‌ವಾಶರ್ ಪೌಡರ್ ಮುಗಿದಿತ್ತು ಅಂತ ಕೈಯಲ್ಲಿ ತೊಳೆಯುವ ಲಿಕ್ವಿಡ್ ಹಾಕಿದ್ರಾ ಅಂತ. ಆ ಲಿಕ್ವಿಡ್ ನೊರೆ ಬರ್ಲಿಕ್ಕೆ ಅಂತಲೇ ಮಾಡಿದ್ದು, ಮೆಷಿನ್ನಿನ ಪೌಡರಲ್ಲಿ ನೊರೆ ಬಾರದ ಹಾಗೆ ಮಾಡಿರ್ತಾರೆ. ನೊರೆ ಉಕ್ಕಿ ಬದಿಯಿಂದ ಇಳಿದು ತಟ್ಟೆಗೆ ಸೇರಿದ್ರೂ ಫ್ಲೋಟ್ ಏಳ್ತದೆ. ಮೆಷಿನನ್ನು ಓರೆ ಮಾಡಿ ತಟ್ಟೆಯ ನೀರು ಚೆಲ್ಲಿದ್ರೆ ಕೋಡ್ ಹೋಗ್ತದೆ ಅಂತ ಹೇಳುವವರಿದ್ದಾರೆ, ಕೋಡ್ ಹೋಗ್ತದೆ ನಿಜ, ನೀರು ಎಲ್ಲಿಂದ ಬಂತು ಅಂತ ಗೊತ್ತಾಗದೆ ಪುನಃ ಓಡಿಸುದು ಸರಿ ಅಲ್ಲ, ಕರೆಂಟಿನ ವಸ್ತು ಅದು.

ಟೈಮ್ ಮುಗಿಯುದೇ ಇಲ್ಲ, ಬಿಸಿ ಆಗುದಿಲ್ಲ

ಆ್ಯಪಲ್ಲಿ ಇನ್ನು 40 ನಿಮಿಷ ಅಂತ ತೋರಿಸಿ ಒಂದು ಗಂಟೆ ಆದ್ರೂ ಮುಗಿಯದಿದ್ರೆ ಹೀಟರ್ ಹೋಯ್ತು ಅಂತ ಹೇಳುವ ಮೊದಲು ವೋಲ್ಟೇಜ್ ನೋಡಿ. ಹೀಟರಿನ ಬಿಸಿ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಇಳಿತದೆ. 230 ಇರಬೇಕಾದ ಜಾಗದಲ್ಲಿ 180 ಇದ್ರೆ ವೋಲ್ಟೇಜ್ ಸುಮಾರು ಐದನೇ ಒಂದು ಭಾಗ ಕಡಿಮೆ ಆದದ್ದು, ಬಿಸಿ ಮಾತ್ರ ನೂರಕ್ಕೆ 61ರಷ್ಟಕ್ಕೆ ಇಳಿದಿರ್ತದೆ. 2000 ವಾಟಿನ ಹೀಟರ್ 1200 ವಾಟಿನದ್ದರ ಹಾಗೆ ಕೆಲಸ ಮಾಡ್ತದೆ. ಬೇಸಿಗೆಯ ರಾತ್ರಿ ಎಲ್ಲ ಮನೆಯಲ್ಲೂ ಏಸಿ ಹಾಕಿದ ಹೊತ್ತಿಗೆ ಹೀಗಾದ್ರೆ ಮೆಷಿನನ್ನು ಬೆಳಿಗ್ಗೆ ಓಡಿಸಿ ನೋಡಿ. ಆಗ ಸರಿ ಸಮಯಕ್ಕೆ ಮುಗಿದ್ರೆ ಉತ್ತರ ಸಿಕ್ಕಿತು.

ಮಲ್ಪೆ, ಉಳ್ಳಾಲದ ಹಾಗೆ ಕಡಲ ಬದಿಯ ಮನೆಯಲ್ಲಿ ಉಪ್ಪಿನ ಗಾಳಿಗೆ ವಯರಿನ ಜಾಯಿಂಟುಗಳು ತುಕ್ಕು ಹಿಡಿದು ಒಂದು ದಿನ ಬಿಸಿಯ ಕೋಡ್, ಒಂದು ದಿನ ಬಾಗಿಲಿನ ಕೋಡ್ ಅಂತ ತಾಳಮೇಳ ಇಲ್ಲದೆ ಬರುದುಂಟು. ಅದು ಟೆಕ್ನಿಷಿಯನ್ ಬಿಚ್ಚಿ ನೋಡಬೇಕಾದ್ದು. ಗುಡುಗು ಸಿಡಿಲು ಶುರು ಆದ್ರೆ ಮೆಷಿನ್ ಪ್ಲಗ್ ತೆಗೀರಿ, ರೂಟರಿನದ್ದೂ ತೆಗೀರಿ.

ಆ್ಯಪಿಗೆ ಕಾಣದೇ ಇರುವಂಥದ್ದು

ಪಾತ್ರೆ ಕೊಳೆ ಉಳಿದಿದೆ, ಆ್ಯಪಲ್ಲಿ ಮಾತ್ರ ಎಲ್ಲ ಸರಿ ಅಂತ ತೋರಿಸ್ತದೆ. ಹೀಗೂ ಆಗ್ತದೆ, ಯಾಕಂದ್ರೆ ತಟ್ಟೆಯ ಮೇಲೆ ಎಂತ ಉಂಟು ಅಂತ ನೋಡುವ ಸೆನ್ಸರ್ ಇಲ್ಲ. ನೀರು ಚಿಮ್ಮಿಸುವ ತಿರುಗುವ ಕೈ ಉಂಟಲ್ಲ, ಅದರ ತೂತಿಗೆ ಒಂದು ಸಾಸಿವೆ ಕಾಳು ಸಿಕ್ಕಿದ್ರೆ ಸಾಕು, ಆ ಬದಿಯ ಪಾತ್ರೆಗೆ ನೀರು ಮುಟ್ಟುದಿಲ್ಲ. ಉದ್ದ ಸೌಟು ಅಡ್ಡ ಬಂದು ಆ ಕೈ ತಿರುಗದೇ ನಿಂತರೂ ಹೆಚ್ಚಿನ ಮೆಷಿನ್ನಿಗೆ ಅದು ಗೊತ್ತಾಗುದಿಲ್ಲ.

ಗ್ಲಾಸ್ ಮಸುಕು ಆಗುದು ಇನ್ನೊಂದು. ಇದರಲ್ಲಿ ಎರಡು ಬಗೆ. ಗಡಸು ನೀರಿನ ಸುಣ್ಣ ಕೂತದ್ದಾದ್ರೆ ವಿನೆಗರಲ್ಲಿ ಉಜ್ಜಿದ್ರೆ ಹೋಗ್ತದೆ. ನಮ್ಮ ಕೆಂಪುಕಲ್ಲಿನ ನೆಲದ ಬಾವಿನೀರು ಸಾಮಾನ್ಯವಾಗಿ ಮೆದು ನೀರು, ಅದಕ್ಕೆ ಪೌಡರ್ ಜಾಸ್ತಿ ಹಾಕಿ ತುಂಬ ಬಿಸಿಯಲ್ಲಿ ತೊಳೆದ್ರೆ ಗಾಜೇ ಸವೆದು ಮಸುಕಾಗ್ತದೆ, ಅದು ಎಂತ ಹಚ್ಚಿದ್ರೂ ಹೋಗುದಿಲ್ಲ. ಬೆಂಗಳೂರಿನ ಬೋರ್‌ವೆಲ್ ನೀರಿನ ಅಕ್ಕ ಹೇಳಿದ ಸೆಟ್ಟಿಂಗನ್ನೇ ಇಲ್ಲೂ ಇಟ್ರೆ ಗಡಸು ನೀರನ್ನು ಮೆದು ಮಾಡ್ಲಿಕ್ಕೆ ಮೆಷಿನ್ನಿಗೆ ಹಾಕುವ ಉಪ್ಪು ದಂಡ, ಗ್ಲಾಸೂ ಹಾಳು. ನೀರಿನ ಗಡಸು ಅಳೆಯುವ ಸ್ಟ್ರಿಪ್ ಕೆಲವು ಮೆಷಿನ್ ಜೊತೆಗೇ ಬರ್ತದೆ, ಅದರಲ್ಲಿ ನೋಡಿ ಸೆಟ್ ಮಾಡಿ. ಕಡಲಿಗೆ ತೀರಾ ಹತ್ರದ ಬಾವಿಗೆ ಉಪ್ಪುನೀರು ನುಗ್ಗಿದ್ರೆ ಲೆಕ್ಕ ಬೇರೆ, ಅಲ್ಲಿಯೂ ಅಳೆದೇ ನೋಡಬೇಕು.

ವೈಫೈ ಇಲ್ಲದೆ, ಸದ್ದಿನ ಮೂಲಕ

ಎಲ್‌ಜಿಯ ಕೆಲವು ಮಾಡೆಲಲ್ಲಿ ಇನ್ನೊಂದು ದಾರಿ ಉಂಟು. ಒಂದು ಬಟನ್ ಒತ್ತಿ ಹಿಡಿದ್ರೆ ಮೆಷಿನ್ ಕೀ ಕೀ ಅಂತ ಒಂದು ಸಾಲು ಸದ್ದು ಮಾಡ್ತದೆ, ಫೋನಿನ ಮೈಕ್ ಹತ್ರ ಹಿಡಿದ್ರೆ ಆ್ಯಪ್ ಅದನ್ನು ಕೇಳಿ ಬಿಡಿಸಿ ತೊಂದ್ರೆ ಇಂಥದ್ದು ಅಂತ ಹೇಳ್ತದೆ. ಹಿಂದೆ ಫ್ಯಾಕ್ಸ್ ಕಳಿಸುವಾಗ ಫೋನಲ್ಲಿ ಕಿರಿಕಿರಿ ಸದ್ದು ಕೇಳ್ತಿತ್ತಲ್ಲ, ಅಕ್ಷರವನ್ನು ಸದ್ದು ಮಾಡಿ ಕಳಿಸುದು, ಆ ಬದಿಯಲ್ಲಿ ಪುನಃ ಅಕ್ಷರ ಮಾಡುದು, ಅದೇ ವಿದ್ಯೆ. ಮಿಕ್ಸಿ, ಎಕ್ಸಾಸ್ಟ್ ಫ್ಯಾನ್ ನಿಲ್ಲಿಸಬೇಕು, ಫೋನನ್ನು ಅಲ್ಲಾಡಿಸಬಾರದು. ವರ್ಕ್ ಏರಿಯಾದ ಶೀಟಿನ ಮೇಲೆ ಆಟಿಯ ಮಳೆ ಹೊಡೀತಾ ಇರುವಾಗ ಇದು ಆಗುದಿಲ್ಲ, ಮಳೆ ಸ್ವಲ್ಪ ಬಿಟ್ಟ ಮೇಲೆ ಮಾಡಿ.

ಟೆಕ್ನಿಷಿಯನ್‌ಗೆ ಫೋನ್ ಮಾಡುವ ಮೊದಲು

ಪ್ಲಗ್ ತೆಗೆದು ಐದು ಹತ್ತು ನಿಮಿಷ ಬಿಟ್ಟು ಪುನಃ ಹಾಕಿ ನೋಡಿ. ಸುಮ್ಮನೆ ಸಿಕ್ಕಿಹಾಕಿಕೊಂಡದ್ದಾದ್ರೆ ಸರಿ ಆಗ್ತದೆ, ನಿಜವಾದ ಕಾರಣ ಇದ್ರೆ ಕೋಡ್ ವಾಪಸ್ ಬರ್ತದೆ. ಆ್ಯಪ್ ಅಪ್‌ಡೇಟ್ ಮಾಡ್ತಾ ಇದೆ ಅಂತ ತೋರಿಸುವಾಗ ಮಾತ್ರ ಪ್ಲಗ್ ಮುಟ್ಟಬೇಡಿ. ವಾರಂಟಿ ಇರುವ ಮೆಷಿನ್ನಿನ ಸ್ಕ್ರೂ ಬಿಚ್ಚಬೇಡಿ, ಫಿಲ್ಟರ್, ಜಾಲರಿ, ಪಂಪಿನ ಮುಚ್ಚಳ ಇಷ್ಟಕ್ಕೆ ಸ್ಕ್ರೂ ಬಿಚ್ಚುವ ಅಗತ್ಯ ಸಾಮಾನ್ಯವಾಗಿ ಬರುದೂ ಇಲ್ಲ.

ಆ್ಯಪನ್ನು ಮಗನ ಫೋನಲ್ಲಿ ಮಾತ್ರ ಇಡುದು ಒಳ್ಳೇದಲ್ಲ ಅಂತ ನನಗೆ ಈ ಸಲ ಅನಿಸಿತು. ಹೆಚ್ಚಿನ ಆ್ಯಪುಗಳಲ್ಲಿ ಮನೆಯ ಇನ್ನೊಬ್ಬರನ್ನು ಸೇರಿಸುವ ಅವಕಾಶ ಉಂಟು, ಅಮ್ಮನ ಫೋನನ್ನೋ ಪಕ್ಕದಲ್ಲಿರುವ ತಮ್ಮನದ್ದನ್ನೋ ಸೇರಿಸಿ, ಕೋಡ್ ಬಂದಾಗ ಮೆಷಿನ್ ಎದುರು ನಿಂತವನ ಕೈಯಲ್ಲೇ ಮೆಸೇಜು ಇರ್ತದೆ.

ಫೋನ್ ಮಾಡುವಾಗ ಬರೇ ಮೆಷಿನ್ ಹಾಳಾಗಿದೆ ಅಂತ ಹೇಳಬೇಡಿ. ಬಾಗಿಲಿನ ಅಂಚಲ್ಲಿ ಇರುವ ಮಾಡೆಲ್ ನಂಬರ್, ಕೋಡಿನ ಸ್ಕ್ರೀನ್‌ಶಾಟ್, ಎಷ್ಟು ಗಂಟೆಗೆ ಬಂತು, ಮೊದಲು ಯಾವಾಗ ಬಂದಿತ್ತು, ತೊಳೀಲಿಕ್ಕೆ ಶುರು ಮಾಡಿದ ಕೂಡ್ಲೇ ಬಂತಾ ಕೊನೆಯಲ್ಲಾ, ಬಕೆಟಿಗೆ ನಿಮಿಷಕ್ಕೆ ಎಷ್ಟು ನೀರು ಬಿತ್ತು, ಇಷ್ಟನ್ನು ವಾಟ್ಸಾಪಲ್ಲಿ ಮೊದಲೇ ಕಳಿಸಿ. ಅದನ್ನು ಓದಿ ಬಂದವರು ಬೇಕಾದ ಪಾರ್ಟ್ ಹಿಡ್ಕೊಂಡೇ ಬರ್ತಾರೆ, ಇಲ್ಲವೋ ಟ್ಯಾಂಕ್ ಎಲ್ಲಿ ಉಂಟು ಅಂತ ಮೊದಲು ಕೇಳ್ತಾರೆ.